ಬರ್ಲಿನ್‌ನಲ್ಲಿ ಕೊನೇ ವಾರ: ಐದೂವರೆ ತಿಂಗಳು ಬರೀ ಕಿಟಕಿ

ಭಾನುವಾರ, ಮಾರ್ಚ್ 23

ಇನ್ನು ಎಂಟೇ ದಿನ. ಎದ್ದ ತಕ್ಷಣ ಕಿಟಕಿ ತೆಗೆದೆ. ಹೊರಗೆ ಚಳಿ ಇತ್ತು, ಆದ್ರೂ ಪೂರ್ತಿ ತೆಗೆದು ಹತ್ತು ನಿಮಿಷ ಹಾಗೇ ಬಿಟ್ಟೆ, ಸ್ವೆಟರ್ ಹಾಕ್ಕೊಂಡು ಮಂಚದ ಮೇಲೆ ಕೂತಿದ್ದೆ.

ಅಕ್ಟೋಬರ್‌ನಲ್ಲಿ ಬಂದಾಗ ಇದೆಲ್ಲ ಗೊತ್ತಿರಲಿಲ್ಲ. ಚಳಿ ಅಂತ ಎಲ್ಲಾ ಬಿಗಿಯಾಗಿ ಮುಚ್ಕೊಂಡು, ಒಳಗೇ ಅನ್ನ ಬೇಯಿಸಿ, ಒಳಗೇ ಬಟ್ಟೆ ಒಣಗಿಸಿ, ನವೆಂಬರ್ ಮುಗಿಯೋದ್ರೊಳಗೆ ಮಂಚದ ಹಿಂದಿನ ಮೂಲೇಲಿ ಗೋಡೆಗೆ ಕಪ್ಪಗೆ ಬೂಷ್ಟು ಬಂದಿತ್ತು. ಮನೆ ಓನರ್ ಅಜ್ಜಿಗೆ ಹೇಳೋಕೆ ಎರಡು ದಿನ ಹೆದರಿಕೊಂಡಿದ್ದೆ. ಅಜ್ಜಿ ಬೈಲಿಲ್ಲ. ಬಂದು ಕಿಟಕಿ ತೆಗೆದು, ಗಡಿಯಾರ ತೋರಿಸಿ, ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ ಅಂತ ಕೈಸನ್ನೆ ಮಾಡಿ ಹೇಳ್ಕೊಟ್ರು. ಲ್ಯುಫ್ಟೆನ್ ಅಂತಾರೆ ಅದಕ್ಕೆ, ಗಾಳಿ ಆಡಿಸೋದು. ನೀರು ಬೇಕು, ಊಟ ಬೇಕು ಅನ್ನೋದನ್ನ ಜರ್ಮನ್‌ನಲ್ಲಿ ಸರಿಯಾಗಿ ಹೇಳೋಕೆ ಬರೋಕಿಂತ ಮೊದಲು ನನಗೆ ಬಂದ ಪದ ಅದು.

ನಾನು ಬಂದಿದ್ದು ಬಿ.ಆರ್ಕ್, ಅಂದ್ರೆ ಆರ್ಕಿಟೆಕ್ಚರ್ ಡಿಗ್ರಿಯ ಟ್ರೈನಿಂಗ್ ಸೆಮಿಸ್ಟರ್‌ಗೆ. ನಮ್ಮ ಕೋರ್ಸ್‌ನಲ್ಲಿ ಒಂದು ಸೆಮಿಸ್ಟರ್ ಯಾವುದಾದ್ರೂ ಆಫೀಸಲ್ಲಿ ಕೆಲಸ ಮಾಡಲೇಬೇಕು. ಕ್ಲಾಸಲ್ಲಿ ಜಾಸ್ತಿ ಜನ ಬೆಂಗಳೂರಲ್ಲೇ ಉಳಿದ್ರು, ನಾನು ಮಾತ್ರ ಬರ್ಲಿನ್ ಬರ್ಲಿನ್ ಅಂತ ನಲವತ್ತಕ್ಕಿಂತ ಜಾಸ್ತಿ ಆಫೀಸಿಗೆ ಮೇಲ್ ಹಾಕಿದ್ದೆ, ಸಿಕ್ಕಿದ್ದು ಒಂದು, ಒಂಬತ್ತೇ ಜನ ಇರೋ ಸಣ್ಣ ಆಫೀಸು, ಹಳೇ ಮನೆಗಳ ರಿಪೇರಿ ಕೆಲಸ. ಯಾಕೆ ಬರ್ಲಿನ್ ಅನ್ನೋದನ್ನ ಗುರುವಾರ ಬರೀತೀನಿ.

ಸೋಮವಾರ, ಮಾರ್ಚ್ 24

ಸೈಟಿಗೆ ಹೋಗಿದ್ವಿ. ನೊಯ್‌ಕೊಲ್ನ್ ಏರಿಯಾದಲ್ಲಿ 1880ರ ಆಸುಪಾಸಲ್ಲಿ ಕಟ್ಟಿದ ಐದು ಅಂತಸ್ತಿನ ಮನೆ, ಐದೂವರೆ ತಿಂಗಳಲ್ಲಿ ಅದರ ಮೆಟ್ಟಿಲು ಎಷ್ಟು ಸಲ ಹತ್ತಿದ್ದೀನೋ ಲೆಕ್ಕ ಇಲ್ಲ.

ಬರ್ಲಿನ್‌ನ ಹಳೇ ಮನೆಗಳನ್ನ ರಸ್ತೆಯಿಂದ ನೋಡಿದ್ರೆ ಅರ್ಥ ಆಗಲ್ಲ. ರಸ್ತೆಗೆ ಮುಖ ಮಾಡಿರೋದು ಮುಂದಿನ ಮನೆ, ಅದರ ಕಮಾನಿನ ಕೆಳಗೆ ನಡ್ಕೊಂಡು ಹೋದ್ರೆ ಒಂದು ಅಂಗಳ, ಅಂಗಳದ ಪಕ್ಕದಲ್ಲಿ ರೆಕ್ಕೆ ತರ ಒಂದು ಕಟ್ಟಡ, ಎದುರಿಗೆ ಹಿಂದಿನ ಮನೆ, ಅದರ ಕೆಳಗೂ ಹೋದ್ರೆ ಇನ್ನೊಂದು ಅಂಗಳ, ಹೀಗೇ ಮೂರು ನಾಲ್ಕು ಅಂಗಳ ಒಳಗೊಳಗೇ ಹೋಗುತ್ತೆ. 1862ರಲ್ಲಿ ಹೋಬ್ರೆಕ್ಟ್ ಅನ್ನೋ ಎಂಜಿನಿಯರ್ ಮಾಡಿದ ಊರಿನ ಪ್ಲಾನ್‌ನಲ್ಲಿ ರಸ್ತೆಗಳನ್ನ ಅಗಲವಾಗಿ, ಬ್ಲಾಕ್‌ಗಳನ್ನ ತುಂಬಾ ಆಳವಾಗಿ ಹಾಕಿಬಿಟ್ರು, ಫ್ಯಾಕ್ಟರಿ ಕೆಲಸಕ್ಕೆ ಅಂತ ಜನ ಬಂದು ತುಂಬಿಕೊಂಡಾಗ ಮನೆ ಕಟ್ಟೋರು ಆ ಆಳವನ್ನೆಲ್ಲ ತುಂಬಿಸಿದ್ರು. ಒಳಗಿನ ಅಂಗಳ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೆ ಆಗಿನ ಕಾನೂನಲ್ಲಿ ಇದ್ದಿದ್ದು ಒಂದೇ ಅಳತೆ, 5.34 ಮೀಟರ್ ಉದ್ದ, 5.34 ಮೀಟರ್ ಅಗಲ. ಬೆಂಕಿ ಆರಿಸೋ ಗಾಡಿ ತಿರುಗಿಸೋಕೆ ಅಷ್ಟು ಜಾಗ ಸಾಕು ಅಂತ. ಒಳಗಿರೋ ಮನುಷ್ಯರಿಗೆ ಎಷ್ಟು ಬೆಳಕು ಬೇಕು ಅಂತ ಯಾರೂ ಲೆಕ್ಕ ಹಾಕಲಿಲ್ಲ.

ಡಿಸೆಂಬರ್‌ನಲ್ಲಿ ಆ ಅಂಗಳದಲ್ಲಿ ನಿಂತು ನಾನೇ ಲೆಕ್ಕ ಹಾಕಿದೆ. ಬರ್ಲಿನ್ ಇರೋದು 52 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ, ಡಿಸೆಂಬರ್ 21ಕ್ಕೆ ನಡು ಮಧ್ಯಾಹ್ನಾನೂ ಸೂರ್ಯ ಏರೋದು ಬರೀ 14 ಡಿಗ್ರಿ, ಅವತ್ತೇ ಬೆಂಗಳೂರಲ್ಲಿ 53 ದಾಟಿರುತ್ತೆ. ಇಲ್ಲಿನ ಕಟ್ಟಡದ ಎತ್ತರ ಸೂರಿನವರೆಗೆ 22 ಮೀಟರ್ ಅಂತ ಇಟ್ಕೊಂಡ್ರೆ ನೆರಳು 88 ಮೀಟರ್ ದೂರ ಬೀಳುತ್ತೆ. ಅಂಗಳ ಇರೋದು ಐದು ಮೀಟರ್ ಚಿಲ್ಲರೆ. ಅಂದ್ರೆ ಕೆಳಗಿನ ಮನೆಗಳಿಗೆ ಎಷ್ಟೋ ತಿಂಗಳು ಬಿಸಿಲು ಅನ್ನೋದೇ ಇಲ್ಲ. ಅದೇ ಮನೇಲಿ ಒಂದೊಂದು ರೂಮಲ್ಲಿ ಒಂದೊಂದು ಸಂಸಾರ ಇತ್ತು. ಕಾಲೇಜಲ್ಲಿ ಇದನ್ನ ಹಿಸ್ಟರಿ ಪೇಪರ್‌ನಲ್ಲಿ ಐದು ಮಾರ್ಕ್‌ಗೆ ಬರೆದಿದ್ದೆ. ಅಲ್ಲಿ ನಿಂತು ತಲೆ ಎತ್ತಿ ಆ ಆಕಾಶದ ತುಂಡು ನೋಡಿದಾಗ ಎದೆ ಭಾರ ಆಯ್ತು.

ಮಂಗಳವಾರ, ಮಾರ್ಚ್ 25

ಬಡಗಿ ಬಂದಿದ್ರು. ಅವರ ಬಗ್ಗೆ ಬರೀಲೇಬೇಕು, ಅದಕ್ಕೆ ಮೊದಲು ಕಿಟಕಿ ಬಗ್ಗೆ.

ನನಗೆ ಕೊಟ್ಟ ಕೆಲಸ ಇಷ್ಟೇ, ಆ ಮನೆಯ 112 ಕಿಟಕಿಗಳನ್ನ ಒಂದೊಂದಾಗಿ ಅಳೆದು, ಡ್ರಾಯಿಂಗ್ ಮಾಡಿ, ಯಾವುದು ರಿಪೇರಿ ಆಗುತ್ತೆ ಯಾವುದು ಆಗಲ್ಲ ಅಂತ ಶೀಟ್ ಮಾಡೋದು. ಮೊದಲ ವಾರ ತುಂಬಾ ಬೇಜಾರಾಗಿತ್ತು, ಮ್ಯೂಸಿಯಂ, ಲೈಬ್ರರಿ ಡಿಸೈನ್ ಮಾಡೋ ಕನಸು ಇಟ್ಕೊಂಡು ಬಂದವಳಿಗೆ ಕೈಲಿ ಟೇಪು, ಪೆನ್ಸಿಲ್ಲು, ಟಾರ್ಚು. ಇಲ್ಲಿನ ಹಳೇ ಕಿಟಕಿಗೆ ಕಾಸ್ಟನ್‌ಫೆನ್ಸ್ಟರ್ ಅಂತಾರೆ, ಪೆಟ್ಟಿಗೆ ಕಿಟಕಿ. ಒಂದೇ ಗೋಡೆಯಲ್ಲಿ ಹೊರಗೊಂದು ಒಳಗೊಂದು ಎರಡು ಜೊತೆ ಕಿಟಕಿ, ಮಧ್ಯದಲ್ಲಿ ಒಂದು ಗೇಣು ಜಾಗ. ಆ ಒಂದು ಗೇಣು ಗಾಳಿನೇ ಕಂಬಳಿ. ಹೊರಗೆ ಹಿಮ ಬೀಳ್ತಿದ್ರೂ ಒಳಗಿನ ಗಾಜು ಮುಟ್ಟಿದ್ರೆ ಅಷ್ಟು ತಣ್ಣಗಿರಲ್ಲ. ಕೆಲವರು ಆ ಸಂದಿಯಲ್ಲಿ ಹೂಕುಂಡ ಇಡ್ತಾರೆ. ಒಂದು ಮನೇಲಿ ಬೆಣ್ಣೆ ಇಟ್ಟಿದ್ರು. ನೂರ ನಲವತ್ತು ವರ್ಷದ ಹಿಂದಿನ ಪೈನ್ ಮರ ಇನ್ನೂ ಗಟ್ಟಿಯಾಗಿದೆ, ಕೆಳಗಿನ ಪಟ್ಟಿ ಮಾತ್ರ ಅಲ್ಲಲ್ಲಿ ನೀರು ಕುಡಿದು ಕೊಳೆತಿರುತ್ತೆ.

ನನ್ನ ಅಪ್ಪ ಬಡಗಿ. ಮೈಸೂರು ರೋಡ್ ಟಿಂಬರ್ ಯಾರ್ಡ್ ಹತ್ತಿರ ಒಂದು ಶೆಡ್‌ನಲ್ಲಿ ಕೆಲಸ, ನಾನು ಹುಟ್ಟೋಕೆ ಮುಂಚಿನಿಂದ ಬಾಗಿಲು ಕಿಟಕಿ ಮಾಡ್ತಾ ಬಂದಿದ್ದಾರೆ. ಕಾಲೇಜಲ್ಲಿ ಇದನ್ನ ನಾನು ಜಾಸ್ತಿ ಹೇಳ್ಕೊಂಡಿರಲಿಲ್ಲ. ಇಲ್ಲಿ ಮೊದಲನೇ ತಿಂಗಳು ವಿಡಿಯೋ ಕಾಲ್‌ನಲ್ಲಿ ಕಿಟಕಿ ತೋರಿಸಿದೆ ನೋಡಿ, ಅಪ್ಪ ಊಟದ ತಟ್ಟೆ ಪಕ್ಕಕ್ಕಿಟ್ಟು ಕೂತ್ರು. ಯಾವ ಮರ, ಜಾಯಿಂಟ್ ಹೆಂಗಿದೆ, ಮೊಳೆ ಹೊಡೆದಿದ್ದಾರಾ ಗೂಟ ಹೊಡೆದಿದ್ದಾರಾ, ಹತ್ತಿರ ಹಿಡಿ, ಇನ್ನೂ ಹತ್ತಿರ ಹಿಡಿ. ಗಾಜು ಕೂರಿಸೋ ಪುಟ್ಟಿಗೆ ಇಲ್ಲಿ ಇವತ್ತಿಗೂ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ ಕಲಸ್ತಾರೆ ಅಂದೆ. ನಾನು ಕೆಲಸ ಕಲಿಯೋವಾಗ ನಮ್ಮ ಮೇಸ್ತ್ರಿ ಹಂಗೇ ಕಲಸ್ತಿದ್ರು ಕಣಮ್ಮ, ಅಂಗೈಯಲ್ಲಿ ನಾದಿ ನಾದಿ ಚಪಾತಿ ಹಿಟ್ಟಿನ ತರ ಮಾಡೋರು, ಈಗ ಎಲ್ಲಾ ಡಬ್ಬಿ ಅಂದ್ರು.

ಜನವರಿಯಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯ್ತು. ಪಕ್ಕದ ರೆಕ್ಕೆ ಕಟ್ಟಡದಲ್ಲಿ ಮೂರನೇ ಮಹಡಿ ಕಿಟಕಿ ಅಳೆದು, ನಾಲ್ಕನೇದೂ ಹಾಗೇ ಇದೆಯಲ್ಲ ಅಂತ ಕಣ್ಣಳತೆಯಲ್ಲೇ ಅದೇ ಅಳತೆ ಹಾಕಿಬಿಟ್ಟೆ. ಬಡಗಿ ಆ ಅಳತೆಗೆ ಸ್ಯಾಂಪಲ್ ಕಿಟಕಿ ರೆಕ್ಕೆ ಮಾಡ್ಕೊಂಡು ಬಂದು ಕೂರಿಸಿದ್ರೆ ಕೂರಲ್ಲ. 18 ಎಂಎಂ ಜಾಸ್ತಿ. ಅಪ್ಪನ ಲೆಕ್ಕದಲ್ಲಿ ಆರು ನೂಲಿನ ಹತ್ತಿರ, ಒಂದು ನೂಲು ಅಂದ್ರೆ ಇಂಚಿನ ಎಂಟನೇ ಒಂದು ಭಾಗ. ಮರ ಹಾಳು, ಅವರ ಎರಡು ದಿನದ ಕೆಲಸ ಹಾಳು, ನಾನು ಮೆಟ್ಟಿಲ ಮೇಲೆ ನಿಂತು ಅಳು ತಡ್ಕೊಂಡಿದ್ದೆ. ಅವರು ಏನೂ ಹೇಳದೆ ಟೂಲ್ ಬ್ಯಾಗಿಂದ ಎರಡು ತೆಳ್ಳನೆ ಮರದ ಪಟ್ಟಿ ತೆಗೆದು, ಒಂದರ ಮೇಲೊಂದು ಇಟ್ಟು ಜಾರಿಸಿ, ಚೌಕಟ್ಟಿನ ಈ ಮೂಲೆಯಿಂದ ಆ ಮೂಲೆಗೆ ಮುಟ್ಟಿಸಿ, ಹಾಗೇ ಬಿಗಿ ಹಿಡ್ಕೊಂಡು ತಿರುಗಿಸಿ ಇನ್ನೆರಡು ಮೂಲೆಗೆ ಇಟ್ಟು ತೋರಿಸಿದ್ರು, ಒಂದು ಕಡೆ ಮುಟ್ಟುತ್ತೆ, ಇನ್ನೊಂದು ಕಡೆ ಬೆರಳಗಲ ಸಾಲಲ್ಲ. ಅಂದ್ರೆ ಅಗಲ ಒಂದೇ ಅಲ್ಲ, ಚೌಕಟ್ಟೇ ಓರೆ ಇದೆ. ರಾತ್ರಿ ಅಪ್ಪನಿಗೆ ಹೇಳಿದ್ರೆ ಅಪ್ಪ ಕೇಳಿದ ಮೊದಲನೇ ಮಾತು, ಮೂಲೆಯಿಂದ ಮೂಲೆಗೆ ರೀಪರ್ ಹಿಡಿದು ನೋಡಿದ್ಯಾ?

ಒಬ್ಬರಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ, ಇನ್ನೊಬ್ಬರಿಗೆ ಜರ್ಮನ್ ಬಿಟ್ಟು ಬೇರೆ ಬರಲ್ಲ, ಇಬ್ಬರ ಕೈಯಲ್ಲೂ ಅದೇ ಎರಡು ಪಟ್ಟಿ. ಅವತ್ತಿಂದ ನನಗೆ ಕಿಟಕಿ ಕೆಲಸ ಬೇಜಾರು ಅನ್ನಿಸಲೇ ಇಲ್ಲ. ಎಲ್ಲಾ 112ನ್ನೂ ಮೊದಲಿಂದ ಅಳೆದೆ.

ಸಾಯಂಕಾಲ ಮಾಯ್‌ಬಾಖ್‌ಊಫರ್ ಕಾಲುವೆ ಪಕ್ಕದ ಟರ್ಕಿಶ್ ಸಂತೆಗೆ ಹೋದೆ, ಮಂಗಳವಾರ ಶುಕ್ರವಾರ ಇರುತ್ತೆ. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದು ಪೂರ್ವದ ಕೆಲಸಗಾರರು ಈ ಕಡೆ ಬರೋದು ನಿಂತುಹೋಯ್ತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿ ಟರ್ಕಿ ಜೊತೆ ಒಪ್ಪಂದ ಮಾಡ್ಕೊಂಡು ಕೆಲಸಗಾರರನ್ನ ಕರೆಸ್ತು. ಆಗ ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ಬದನೆಕಾಯಿ, ಬೆಂಡೆಕಾಯಿ, ಕಟ್ಟು ಕಟ್ಟು ಕೊತ್ತಂಬರಿ ಮಾರ್ತಾರೆ. ಹೆಂಗಸರನ್ನ ಅಬ್ಲಾ ಅಂತ ಕೂಗ್ತಾರೆ, ಅಂದ್ರೆ ಅಕ್ಕ. ಗಾಂಧಿ ಬಜಾರ್‌ನಲ್ಲಿ ಬಾ ಅಕ್ಕ ಬಾ ಅಕ್ಕ ಅಂತ ಕೂಗೋದನ್ನ ಕೇಳ್ಕೊಂಡು ಬೆಳೆದವಳಿಗೆ ಆ ಒಂದು ಪದ ಸಾಕಿತ್ತು, ಎಷ್ಟೋ ವಾರ ಏನೂ ತಗೊಳ್ಳೋದು ಇಲ್ದಿದ್ರೂ ಹೋಗಿ ಬರ್ತಿದ್ದೆ.

ಬುಧವಾರ, ಮಾರ್ಚ್ 26

ಓಡಾಟದ ದಿನ. ಬಂದಾಗ ಅಡ್ರೆಸ್ ರಿಜಿಸ್ಟರ್ ಮಾಡಿಸಿದ್ದನ್ನ ಹೋಗೋವಾಗ ತೆಗೆಸಬೇಕು, ಆ ಫಾರ್ಮ್ ಕಳಿಸಿದೆ. ಬ್ಯಾಂಕ್ ಅಕೌಂಟ್ ಕ್ಲೋಸ್. ಮಂಚದ ಕೆಳಗಿದ್ದ ಖಾಲಿ ಬಾಟಲಿಗಳನ್ನೆಲ್ಲ ಅಂಗಡಿ ಮೆಷಿನ್‌ಗೆ ಹಾಕಿ, ಪ್ಲಾಸ್ಟಿಕ್ ಒಂದಕ್ಕೆ 25 ಸೆಂಟ್ ಹಾಗೆ, ಆರು ಯೂರೋ ಚಿಲ್ಲರೆ ಬಂತು, ಅದರಲ್ಲೇ ಅಜ್ಜಿಗೆ ಹೂ ತಗೊಂಡೆ.

ಗುರುವಾರ, ಮಾರ್ಚ್ 27

ಬಸವನಗುಡಿ ಕೃಷ್ಣರಾವ್ ಪಾರ್ಕ್‌ನಲ್ಲಿ ಒಂದು ಪೆವಿಲಿಯನ್ ಇದೆ. ಚಿಕ್ಕವಳಿದ್ದಾಗ ಅಪ್ಪ ಭಾನುವಾರ ಕರ್ಕೊಂಡು ಹೋಗಿ ಅದರ ಮೆಟ್ಟಿಲ ಮೇಲೆ ಕಡಲೆಕಾಯಿ ಕೊಡಿಸೋರು. ಮೂರನೇ ಸೆಮಿಸ್ಟರ್‌ನಲ್ಲಿ ಗೊತ್ತಾಯ್ತು, ಅದನ್ನ ಡಿಸೈನ್ ಮಾಡಿದ್ದು ಓಟೊ ಕೋನಿಗ್ಸ್‌ಬರ್ಗರ್ ಅಂತ, ನಮ್ಮ ಕ್ಲೈಮಟಾಲಜಿ ಟೆಕ್ಸ್ಟ್‌ಬುಕ್ ಬರೆದವರಲ್ಲಿ ಮೊದಲ ಹೆಸರೂ ಅವರದ್ದೇ. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು, ಇಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿಯಲ್ಲೇ ಓದಿದವರು. 1933ರಲ್ಲಿ ಆರ್ಕಿಟೆಕ್ಟ್‌ಗಳಿಗೆ ಕೊಡೋ ಶಿಂಕೆಲ್ ಪ್ರಶಸ್ತಿ ಬಂತು, ಅದೇ ವರ್ಷ ನಾಜಿಗಳು ಅಧಿಕಾರಕ್ಕೆ ಬಂದ್ರು. ಯಹೂದಿ ಮೂಲದವರು ಅನ್ನೋ ಕಾರಣಕ್ಕೆ ಊರು ಬಿಡಬೇಕಾಯ್ತು. ಈಜಿಪ್ಟ್‌ನಲ್ಲಿ ಕೆಲವು ವರ್ಷ ಇದ್ದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಚೀಫ್ ಆರ್ಕಿಟೆಕ್ಟ್ ಆದ್ರು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಐಐಎಸ್‌ಸಿಯಲ್ಲಿ, ಅವರು ಕಟ್ಟಿಸಿದ ಕಟ್ಟಡಗಳು ಇವತ್ತಿಗೂ ಇವೆ.

ಅದಕ್ಕೇ ನನಗೆ ಬರ್ಲಿನ್ ಬೇಕಾಗಿದ್ದು. ಇವತ್ತು ಅರ್ಧ ದಿನ ರಜೆ ಹಾಕಿ ಅರ್ನ್ಸ್ಟ್ ರಾಯ್ಟರ್ ಪ್ಲಾಟ್ಸ್‌ನಲ್ಲಿ ಇಳಿದು ಯೂನಿವರ್ಸಿಟಿ ಮುಂದೆ ತುಂಬಾ ಹೊತ್ತು ನಡೆದಾಡಿದೆ. ಅವರ ಕಾಲದ್ದು ಅಂತ ಕಾಣೋದು ಕಮ್ಮಿ, ಯುದ್ಧದಲ್ಲಿ ತುಂಬಾ ಹಾಳಾಗಿದೆ, ಆರ್ಕಿಟೆಕ್ಚರ್ ಬಿಲ್ಡಿಂಗ್ ಆಮೇಲೆ ಬಂದಿದ್ದು. ಆದ್ರೂ ಆ ಮರಗಳ ಕೆಳಗೆ ಡ್ರಾಯಿಂಗ್ ರೋಲ್ ಹಿಡ್ಕೊಂಡು ಓಡ್ತಿದ್ದ ಹುಡುಗ ಹುಡುಗಿಯರನ್ನ ನೋಡ್ತಾ ನೋಡ್ತಾ, ಅವರೂ ಹೀಗೇ ಲೇಟ್ ಸಬ್ಮಿಷನ್‌ಗೆ ಓಡಿರಬಹುದು ಅನ್ನಿಸ್ತು.

ಈ ಊರಲ್ಲಿ ಓದಿದ ಮನುಷ್ಯ ಕಲಿತಿದ್ದು ಬಿಸಿಲನ್ನ ಹೇಗೆ ಒಳಗೆ ತರೋದು ಅಂತ. ಬೆಂಗಳೂರಿಗೆ ಬಂದು ಅದನ್ನ ಪೂರ್ತಿ ಉಲ್ಟಾ ಕಲೀಬೇಕಾಯ್ತು, ಬಿಸಿಲನ್ನ ಹೊರಗೇ ತಡೆದು ಗಾಳಿ ಮಾತ್ರ ಬಿಡೋದು ಹೇಗೆ, ಸಜ್ಜಾ ಎಷ್ಟು ಮುಂದಕ್ಕೆ ಬರಬೇಕು, ಯಾವ ಕಡೆ ಕಿಟಕಿ ಇಡಬಾರದು. ನಾನು ಅವರು ಬಂದ ದಾರೀಲೇ ಉಲ್ಟಾ ಬಂದೆ. ಸಜ್ಜಾ ಇಲ್ಲದ ಕಿಟಕಿ ನೋಡಿ ಮೊದಲ ವಾರ ಇವರಿಗೆ ಮಳೆ ಒಳಗೆ ಬರಲ್ವಾ ಅಂತ ಕೇಳಿದ್ದೆ. ಇಲ್ಲಿ ಒಂದು ಇಂಚು ಬೆಳಕನ್ನೂ ಕಳ್ಕೊಳ್ಳೋ ಹಾಗಿಲ್ಲ ಅನ್ನೋದು ಡಿಸೆಂಬರ್ ಬರೋವರೆಗೂ ಗೊತ್ತಾಗಲಿಲ್ಲ, ಮೂರೂ ಮುಕ್ಕಾಲಿಗೆ ಲೈಟ್ ಹಾಕೋ ಊರು ಇದು ಆಗ.

ವಾಪಸ್ ಬರೋವಾಗ ಸೈಟ್ ಮುಂದಿನ ಫುಟ್‌ಪಾತ್‌ನಲ್ಲಿ ಒಂದು ನಿಮಿಷ ನಿಂತೆ. ಬಾಗಿಲ ಮುಂದೆ ಅಂಗೈಯಗಲದ ಎರಡು ಹಿತ್ತಾಳೆ ಕಲ್ಲು ಹುಗಿದಿದ್ದಾರೆ, ಸ್ಟೋಲ್ಪರ್‌ಸ್ಟೈನ್ ಅಂತಾರೆ, ನಾಜಿಗಳಿಗೆ ಬಲಿಯಾದವರ ನೆನಪಿಗೆ, ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ ಶುರು ಮಾಡಿದ್ದು. ಇಲ್ಲಿ ವಾಸ ಇದ್ರು ಅಂತ ಶುರುವಾಗುತ್ತೆ, ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಹೊತ್ಕೊಂಡು ಹೋದ್ರು, ಎಲ್ಲಿ ಸತ್ರು. ಗಂಡ ಹೆಂಡತಿ. ನಾನು ಅಳೆದ ಯಾವುದೋ ಕಿಟಕಿ ಅವರದ್ದು. ಯಾವುದು ಅಂತ ಗೊತ್ತಾಗಲ್ಲ. ಬ್ಯಾಗಲ್ಲಿದ್ದ ಬಟ್ಟೆಯಲ್ಲಿ ಹಿತ್ತಾಳೆ ಒರೆಸಿ ಬಂದೆ, ಇಲ್ಲಿ ಜನ ಹಾಗೆ ಮಾಡೋದನ್ನ ನವೆಂಬರ್‌ನಲ್ಲಿ ನೋಡಿದ್ದೆ.

ಶುಕ್ರವಾರ, ಮಾರ್ಚ್ 28

ಆಫೀಸಲ್ಲಿ ಕೊನೇ ದಿನ. ನನ್ನ ಶೀಟ್‌ಗಳನ್ನೆಲ್ಲ ಪ್ರಿಂಟ್ ಹಾಕಿ ಉದ್ದ ಟೇಬಲ್ ಮೇಲೆ ಹರಡಿದ್ರು, 112ರಲ್ಲಿ 97 ರಿಪೇರಿ ಆಗುತ್ತೆ ಅಂತ ತೀರ್ಮಾನ ಆಗಿತ್ತು. ಶುರುವಲ್ಲಿ ಅರ್ಧ ಕಿತ್ತು ಪ್ಲಾಸ್ಟಿಕ್ ಕಿಟಕಿ ಹಾಕೋ ಮಾತಿತ್ತು. ನನ್ನ ಗೈಡ್, ಅರವತ್ತು ದಾಟಿದ ಮೇಡಂ, ಆ ಸಂಖ್ಯೆಗೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದು ನನ್ನ ಕಡೆ ನೋಡಿ ತಲೆ ಆಡಿಸಿದ್ರು, ಅಷ್ಟೇ. ನನಗೆ ಇನ್ನೇನೂ ಬೇಕಿರಲಿಲ್ಲ.

ಜರ್ಮನ್‌ನಲ್ಲೂ ನಮ್ಮ ತರಾನೇ ನೀನು ನೀವು ಇದೆ, ಡೂ ಅಂದ್ರೆ ನೀನು, ಝೀ ಅಂದ್ರೆ ನೀವು. ಆಫೀಸಲ್ಲಿ ಎಲ್ಲರೂ ಎಲ್ಲರಿಗೂ ಡೂ. ಅಮ್ಮನಿಗಿಂತ ದೊಡ್ಡವರನ್ನ ನೀನು ಅನ್ನೋಕೆ ನನ್ನ ಬಾಯಿ ಬರ್ತಾನೇ ಇರಲಿಲ್ಲ, ಐದು ತಿಂಗಳು ಸುತ್ತಿ ಬಳಸಿ ಮಾತಾಡಿದ್ದೀನಿ. ಇವತ್ತು ಹೊರಡೋವಾಗ ಅಪ್ಪಿಕೊಂಡು ಥ್ಯಾಂಕ್ಸ್ ಹೇಳೋವಾಗ ಡೂ ತಾನಾಗೇ ಬಂತು.

ಬಡಗಿ ಒಂದು ಪೊಟ್ಟಣ ಬಿಟ್ಟು ಹೋಗಿದ್ರು. ಬಿಚ್ಚಿದ್ರೆ ಕಿಟಕಿ ರೆಕ್ಕೆಯ ಒಂದು ಮೂಲೆ, ಗೇಣುದ್ದ, ರಿಪೇರಿ ಆಗದೇ ಇರೋ ಹದಿನೈದರಲ್ಲಿ ಒಂದರದ್ದು. ಬಣ್ಣದ ಪದರ ಪದರ ಕಾಣುತ್ತೆ, ಬಿಳಿ, ಅದರ ಕೆಳಗೆ ಕಂದು, ಅದರ ಕೆಳಗೆ ಹಸಿರು. ಜಾಯಿಂಟ್ ಒಳಗಡೆ ಉಳಿಯಿಂದ ಕೊರೆದ ನಾಲ್ಕು ಗೀಟು. ಅಪ್ಪನಿಗೆ ಅಂತ ಚೀಟಿ.

ಶನಿವಾರ, ಮಾರ್ಚ್ 29

ಟೆಂಪಲ್‌ಹೋಫ್ ಮೈದಾನಕ್ಕೆ ಹೋಗಿದ್ದೆ. 1948-49ರಲ್ಲಿ ಸೋವಿಯತ್ ರಷ್ಯಾ ಪಶ್ಚಿಮ ಬರ್ಲಿನ್‌ಗೆ ದಿಗ್ಬಂಧನ ಹಾಕಿದ್ದಾಗ ಊರಿಗೆ ಅನ್ನ, ಕಲ್ಲಿದ್ದಲು ವಿಮಾನದಲ್ಲಿ ಬಂದಿಳೀತಿದ್ದ ಜಾಗ, 2008ರಲ್ಲಿ ಏರ್‌ಪೋರ್ಟ್ ಮುಚ್ಚಿ 2010ರಲ್ಲಿ ಜನಕ್ಕೆ ಬಿಟ್ಟುಕೊಟ್ರು. ಕಟ್ಟಡ ಕಟ್ಟೋಣ ಅಂತ ಸರ್ಕಾರ ಹೊರಟಾಗ 2014ರಲ್ಲಿ ಜನ ವೋಟ್ ಹಾಕಿ ಬೇಡ ಅಂದ್ರು. ಸುಮಾರು 300 ಹೆಕ್ಟೇರ್ ಖಾಲಿ ಆಕಾಶ, ರನ್‌ವೇ ಮೇಲೆ ಮಕ್ಕಳು ಸೈಕಲ್ ಹೊಡೀತಾರೆ. ಮನೆ ಬಾಡಿಗೆ ಇಷ್ಟು ಏರಿರೋ ಊರಲ್ಲಿ ಇದು ಸರೀನಾ ಅಂತ ಆಫೀಸಲ್ಲಿ ಇವತ್ತಿಗೂ ಜಗಳ ಆಡ್ತಾರೆ. ಆ ಅಂಗಳಗಳನ್ನ ಅಳೆದ ಮೇಲೆ ನನಗಂತೂ ಇದು ಬೇಕೇ ಬೇಕು ಅನ್ನಿಸುತ್ತೆ.

ಹುಲ್ಲಿನ ಮೇಲೆ ಬಾನಾಡಿ ಹಕ್ಕಿ ಹಾಡ್ತಿತ್ತು, ನೆಟ್ಟಗೆ ಮೇಲೆ ಹೋಗಿ ಒಂದೇ ಕಡೆ ನಿಂತು ಹಾಡುತ್ತೆ, ಕಣ್ಣಿಗೆ ಕಾಣಲ್ಲ. ಮಧ್ಯಾಹ್ನ ಸ್ವಲ್ಪ ಸೂರ್ಯಗ್ರಹಣ ಇತ್ತು. ಪಕ್ಕದಲ್ಲಿ ಕೂತಿದ್ದ ಸಂಸಾರದವರು ಕನ್ನಡಕ ಕೊಟ್ರು, ದೋಸೆ ಅಂಚು ಚೂರು ಮುರಿದ ಹಾಗಿತ್ತು.

ಭಾನುವಾರ, ಮಾರ್ಚ್ 30

ಯುಗಾದಿ. ರಾತ್ರಿ ಎರಡು ಗಂಟೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಯ್ತು, ನಾಲ್ಕೂವರೆ ಗಂಟೆ ದೂರ ಇದ್ದ ಮನೆ ಮೂರೂವರೆ ಗಂಟೆಗೆ ಬಂತು. ಅಮ್ಮ ಫೋನ್ ಮಾಡಿದಾಗ ಅಲ್ಲಿ ಆಗಲೇ ಹೋಳಿಗೆ ಬೇಯ್ತಿತ್ತು.

ಬೇವು ಸಿಗಲಿಲ್ಲ. ಬೆಲ್ಲ ಇಂಡಿಯನ್ ಅಂಗಡೀಲಿ ತಂದಿಟ್ಕೊಂಡಿದ್ದೆ, ಕಹಿಗೆ ಚಿಕೋರೆ ಅಂತ ಒಂದು ಸೊಪ್ಪು ತಂದೆ, ಎಲೆಕೋಸಿನ ಮರಿ ತರ ಬೆಳ್ಳಗೆ ಉದ್ದಕ್ಕೆ ಇರುತ್ತೆ. ನಮ್ಮ ಫಿಲ್ಟರ್ ಕಾಫಿ ಪುಡಿಗೆ ಬೆರೆಸೋ ಚಿಕೋರಿ ಇದೇ ಜಾತಿ ಗಿಡದ ಬೇರು. ಸಣ್ಣಗೆ ಹೆಚ್ಚಿ ಬೆಲ್ಲದ ಜೊತೆ ಮೊದಲು ದೇವರ ಫೋಟೋ ಮುಂದೆ ಇಟ್ಟು, ಆಮೇಲೆ ಅಜ್ಜಿಗೂ ಕೊಟ್ಟೆ. ಕಹಿ ಯಾಕೆ ಅಂತ ಕೇಳಿದ್ರು. ವರ್ಷ ಶುರು ಮಾಡೋವಾಗಲೇ ಎರಡೂ ತಿನ್ನಬೇಕು ಅಂತ ನನ್ನ ಮುರುಕು ಜರ್ಮನ್‌ನಲ್ಲಿ ಹೇಳಿದೆ. ಅಜ್ಜಿ ಇನ್ನೊಂದು ಚೂರು ತಗೊಂಡ್ರು.

ಬ್ರಿಟ್ಸ್‌ನಲ್ಲಿ ಶ್ರೀಲಂಕಾ ತಮಿಳರು ಕಟ್ಟಿರೋ ಮುರುಗನ್ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ನಡ್ಕೊಂಡೇ ಹೂಫ್‌ಐಝನ್‌ಝೀಡ್‌ಲುಂಗ್‌ಗೆ ಹೋದೆ. ಕುದುರೆ ಲಾಳದ ಕಾಲೋನಿ ಅಂತ ಅರ್ಥ. ಬ್ರೂನೊ ಟೌಟ್, ಮಾರ್ಟಿನ್ ವಾಗ್ನರ್ ಸೇರಿ 1925ರಿಂದ ಕಟ್ಟಿದ್ದು, 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಕೋನಿಗ್ಸ್‌ಬರ್ಗರ್‌ಗೆ ಟೌಟ್ ಮೇಷ್ಟ್ರು. ಮೂರು ಅಂತಸ್ತಿನ ಮನೆ ಸಾಲು ಲಾಳದ ತರ ಬಾಗಿ ಮಧ್ಯದಲ್ಲಿ ಒಂದು ಹೊಂಡ, ಹುಲ್ಲು, ಮರ. ಫ್ಯಾಕ್ಟರಿ ಕೆಲಸಗಾರರಿಗೆ, ಸಣ್ಣ ಸಂಬಳದವರಿಗೆ ಅಂತ ಕಟ್ಟಿದ ಮನೆಗಳು, ಒಂದೊಂದಕ್ಕೂ ಬೆಳಕು, ಒಂದೊಂದಕ್ಕೂ ಗಾಳಿ. ಕಿಟಕಿ ಚೌಕಟ್ಟಿಗೂ ಬಣ್ಣ ಯೋಚನೆ ಮಾಡಿ ಹಚ್ಚಿದ್ದಾರೆ. ಸೋಮವಾರ ಬರೆದ ಆ ಅಂಗಳ ಇಲ್ಲಿಗೆ ಮೆಟ್ರೋದಲ್ಲಿ ಕಾಲು ಗಂಟೆ ದಾರಿ. ಟೌಟ್ ಕೂಡ 1933ರಲ್ಲಿ ದೇಶ ಬಿಟ್ರು, ಜಪಾನಿಗೆ ಹೋಗಿ, ಕೊನೆಗೆ 1938ರಲ್ಲಿ ಇಸ್ತಾಂಬುಲ್‌ನಲ್ಲಿ ತೀರ್ಕೊಂಡ್ರು. ಇಷ್ಟು ಬೆಳಕು ಕಟ್ಟಿಕೊಟ್ಟವರನ್ನ ಊರು ಹೊರಗೆ ಹಾಕ್ತು. ಹೊಂಡದ ಹತ್ತಿರ ಕೂತು ಇದನ್ನೇ ಯೋಚಿಸ್ತಿದ್ದೆ, ಸಂಜೆ ಏಳಾದ್ರೂ ಇನ್ನೂ ಬೆಳಕಿತ್ತು.

ಸೋಮವಾರ, ಮಾರ್ಚ್ 31

ಬೆಳಗ್ಗೆ ಕಿಟಕಿ ತೆಗೆದು ಹತ್ತು ನಿಮಿಷ ಬಿಟ್ಟು, ಮುಚ್ಚಿ, ಬೀಗದ ಕೈ ಅಜ್ಜಿಗೆ ಕೊಟ್ಟೆ. ಬೂಷ್ಟು ಬಂದಿದ್ದ ಮೂಲೆಯನ್ನ ಅಜ್ಜಿ ಬಗ್ಗಿ ನೋಡಿ, ಗುಟ್, ಗುಟ್ ಅಂದ್ರು. ಏರ್‌ಪೋರ್ಟ್, ಫ್ರಾಂಕ್‌ಫರ್ಟ್, ನಿದ್ದೆ ಇಲ್ಲ.

ಮನೆ ಸೇರಿದ ಮೇಲೆ ಅಮ್ಮ ಊಟಕ್ಕೆ ಕರೀತಾನೇ ಇದ್ರು, ಅಪ್ಪ ಪೊಟ್ಟಣ ಬಿಚ್ಚಿ ಆ ಮರದ ಮೂಲೆ ಹಿಡ್ಕೊಂಡು ಬಾಗಿಲ ಹತ್ತಿರ ಬೆಳಕಿಗೆ ಹೋದ್ರು. ಮೂಸಿ ನೋಡಿದ್ರು. ಉಗುರಲ್ಲಿ ಗೀರಿದ್ರು. ಆ ನಾಲ್ಕು ಗೀಟಿನ ಮೇಲೆ ಹೆಬ್ಬೆರಳು ಸವರಿ, ನಾಲ್ಕನೇ ಕಿಟಕಿ ಇದು, ರೆಕ್ಕೆ ಅದಲು ಬದಲು ಆಗಬಾರದು ಅಂತ ಗುರುತು ಹಾಕಿದ್ದಾರೆ, ನಾವೂ ಹಾಕ್ತೀವಿ ಅಂದ್ರು. ಆಮೇಲೆ ಬ್ಯಾಗಿಂದ ಮೂಲೆಮಟ್ಟ ತಗೊಂಬಾ ಅಂದ್ರು, ತಂದುಕೊಟ್ಟೆ, ಒಳಗಡೆ ಇಟ್ಟು ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ನೋಡಿದ್ರು.

ಅರ್ಧ ನೂಲು ಓಡಿದೆ ನೋಡು, ಅಂತ ನನ್ನ ಕೈಗೆ ಕೊಟ್ರು.